ಧ್ವಜದ ಬಣ್ಣ, ಮಸ್ಕಿಯ ಬಂಡೆ, ಹೊಳೆಯ ಎರಡು ದಂಡೆ

ಓದುಗರ ಪ್ರಶ್ನೆ – ನಮ್ಮ ಉತ್ತರ

ರಾಷ್ಟ್ರಧ್ವಜವನ್ನು ಕುರಿತು ರಾಯಚೂರು, ಕೊಪ್ಪಳ ಮತ್ತು ಬಳ್ಳಾರಿ ಜಿಲ್ಲೆಗಳ ಓದುಗರು ಬರೆದ ಪತ್ರಗಳಲ್ಲಿ ನಾಲ್ಕನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಮೊದಲ ಮೂರು ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಉತ್ತರಗಳು ಸ್ವಲ್ಪ ದೀರ್ಘವಾಗಿವೆ.

ಪ್ರಶ್ನೆ: ನಾನು ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. ಕೇಸರಿ ಎಂದರೆ ತ್ಯಾಗ, ಬಿಳಿ ಎಂದರೆ ಶಾಂತಿ, ಹಸಿರು ಎಂದರೆ ಸಮೃದ್ಧಿ ಎಂದು ನಾವು ಪಾಠ ಮಾಡುತ್ತೇವೆ. ಆದರೆ ಒಬ್ಬ ಹುಡುಗ ಎದ್ದು ನಿಂತು, ಕೇಸರಿ ಹಿಂದೂಗಳದು, ಹಸಿರು ಮುಸಲ್ಮಾನರದು ಎಂದು ಮನೆಯಲ್ಲಿ ಹೇಳಿದ್ದಾರೆ ಎಂದ. ಯಾವುದು ಸರಿ? ಈ ಅರ್ಥಗಳನ್ನು ನಿಶ್ಚಯಿಸಿದವರು ಯಾರು?
– ಶಿಕ್ಷಕಿ, ಲಿಂಗಸುಗೂರು ತಾಲ್ಲೂಕು

ಉತ್ತರ: 1947ರ ಜುಲೈ 22ರಂದು ಸಂವಿಧಾನ ರಚನಾ ಸಭೆ ಅಂಗೀಕರಿಸಿದ ಧ್ವಜ ನಿರ್ಣಯದಲ್ಲಿ ಬಣ್ಣಗಳ ಅರ್ಥವನ್ನು ಹೇಳಿಯೇ ಇಲ್ಲ. ಜವಾಹರಲಾಲ್ ನೆಹರೂ ಮಂಡಿಸಿದ ಆ ನಿರ್ಣಯ, ಗಾಢ ಕೇಸರಿ, ಬಿಳಿ ಮತ್ತು ಗಾಢ ಹಸಿರು ಬಣ್ಣದ ಪಟ್ಟಿಗಳು ಸಮಪ್ರಮಾಣದಲ್ಲಿ ಅಡ್ಡಲಾಗಿ ಇರಬೇಕು, ಬಿಳಿ ಪಟ್ಟಿಯ ನಡುವೆ ಚರಕವನ್ನು ಪ್ರತಿನಿಧಿಸುವ ಕಡುನೀಲಿ ಚಕ್ರ ಇರಬೇಕು, ಅದು ಸಾರನಾಥದ ಅಶೋಕ ಸ್ತಂಭದ ಸಿಂಹಶೀರ್ಷದ ಪೀಠದಲ್ಲಿ ಕೆತ್ತಿರುವ ಚಕ್ರದ ಮಾದರಿಯಲ್ಲಿರಬೇಕು, ಧ್ವಜದ ಅಗಲ ಮತ್ತು ಉದ್ದ ಸಾಮಾನ್ಯವಾಗಿ 2:3ರ ಅನುಪಾತದಲ್ಲಿರಬೇಕು ಎಂದಷ್ಟೇ ಹೇಳಿ ಮುಗಿಯುತ್ತದೆ. ಸಭೆಯ ಸದಸ್ಯರೆಲ್ಲರೂ ಎದ್ದು ನಿಂತು ಅದನ್ನು ಒಪ್ಪಿಕೊಂಡರು. ಬಣ್ಣಗಳಿಗೆ ನಾವು ಹೇಳುವ ಅರ್ಥಗಳೆಲ್ಲ ಅದಕ್ಕೂ ಹಿಂದಿನ ಚರಿತ್ರೆಯಿಂದ ಮತ್ತು ಆ ದಿನದ ಭಾಷಣಗಳಿಂದ ಬಂದವು.

ಹಾಗೆಂದು ಆ ಹುಡುಗನ ಮನೆಯವರು ಇಲ್ಲದ್ದನ್ನು ಕಟ್ಟಿ ಹೇಳಿದ್ದಾರೆ ಎಂದು ತಳ್ಳಿಹಾಕುವಂತಿಲ್ಲ. 1906ರಲ್ಲಿ ಕಲ್ಕತ್ತೆಯಲ್ಲಿ ಹಾರಿದ ಧ್ವಜ, 1907ರಲ್ಲಿ ಮೇಡಂ ಕಾಮಾ ಜರ್ಮನಿಯ ಸ್ಟುಟ್‌ಗಾರ್ಟ್ ನಗರದಲ್ಲಿ ಎತ್ತಿ ಹಿಡಿದ ಧ್ವಜ, 1917ರ ಹೋಂರೂಲ್ ಚಳವಳಿಯ ಧ್ವಜ ಇವೆಲ್ಲ ನಮ್ಮ ಧ್ವಜದ ಹಿರಿಯರೇ ಆದರೂ ಇಂದಿನ ರೂಪದ ನೇರ ಮೂಲ ಇರುವುದು 1921ರಲ್ಲಿ. ಆ ವರ್ಷ ಬೆಜವಾಡದಲ್ಲಿ, ಅಂದರೆ ಇಂದಿನ ವಿಜಯವಾಡದಲ್ಲಿ, ಕಾಂಗ್ರೆಸ್ ಸಮಿತಿಯ ಸಭೆ ಸೇರಿದಾಗ ಆಂಧ್ರದ ಪಿಂಗಳಿ ವೆಂಕಯ್ಯ ಅವರು ಗಾಂಧೀಜಿಯವರ ಸೂಚನೆಯಂತೆ ಕೆಂಪು ಮತ್ತು ಹಸಿರು ಪಟ್ಟಿಗಳ ಮೇಲೆ ಚರಕವಿರುವ ಧ್ವಜವನ್ನು ಸಿದ್ಧಪಡಿಸಿದರು. ಧ್ವಜದಲ್ಲಿ ಚರಕವಿರಲಿ ಎಂಬ ವಿಚಾರವನ್ನು ಗಾಂಧೀಜಿಗೆ ಮೊದಲು ಹೇಳಿದವರು ಜಲಂಧರದ ಲಾಲಾ ಹಂಸರಾಜ್. ಕೆಂಪು ಮತ್ತು ಹಸಿರು ಆಗ ಎರಡು ದೊಡ್ಡ ಸಮುದಾಯಗಳನ್ನೇ ಸೂಚಿಸುತ್ತಿದ್ದವು. ಉಳಿದ ಮತಗಳವರ ಗತಿಯೇನು ಎಂಬ ಯೋಚನೆ ಬಂದು ಗಾಂಧೀಜಿ ಬಿಳಿಯನ್ನು ಸೇರಿಸಿದರು. ಆ ಬಣ್ಣಗಳಿಗೆ ಅವರು ಗೊತ್ತುಮಾಡಿದ ಕ್ರಮವನ್ನು ಇಲ್ಲಿ ವಿಶೇಷವಾಗಿ ಹೇಳಬೇಕು. ಸಂಖ್ಯೆಯಲ್ಲಿ ಎಲ್ಲರಿಗಿಂತ ಚಿಕ್ಕವರಾದವರ ಬಿಳಿ ಬಣ್ಣ ಮೇಲೆ, ಅದರ ಕೆಳಗೆ ಹಸಿರು, ಎಲ್ಲಕ್ಕಿಂತ ಕೆಳಗೆ ಬಹುಸಂಖ್ಯಾತರ ಕೆಂಪು. ಬಲವುಳ್ಳವರು ಬಲವಿಲ್ಲದವರಿಗೆ ಆಸರೆಯಾಗಿ ನಿಲ್ಲಬೇಕೆಂಬ ಕಾರಣಕ್ಕೆ ಅವರು ಬಲಿಷ್ಠರ ಬಣ್ಣವನ್ನು ತಳದಲ್ಲಿಟ್ಟರು. ಬಣ್ಣಗಳನ್ನು ಮತಗಳಿಗೆ ಹಂಚಿದ್ದು ನಿಜ. ಹಂಚುವಾಗ ಇದ್ದ ಮನಸ್ಸು ಇಂಥದ್ದು ಎಂಬುದನ್ನೂ ಮಕ್ಕಳಿಗೆ ಹೇಳದೆ ಹೋದರೆ ಅರ್ಧ ಮಾತ್ರ ಹೇಳಿದಂತಾಗುತ್ತದೆ.

ಈ ಹಂಚಿಕೆ ಬಹಳ ಕಾಲ ಬಾಳಲಿಲ್ಲ. ತಮ್ಮ ಬಣ್ಣಕ್ಕೆ ಸ್ಥಾನವಿಲ್ಲ ಎಂದು ಸಿಖ್ಖರು ಆಕ್ಷೇಪಿಸಿದರು, ಮತಗಳ ಲೆಕ್ಕದಲ್ಲಿ ಧ್ವಜವನ್ನು ಕಟ್ಟುವುದೇ ತಪ್ಪೆಂದು ಇನ್ನು ಕೆಲವರು ವಾದಿಸಿದರು. 1931ರಲ್ಲಿ ಕಾಂಗ್ರೆಸ್ ಏಳು ಜನರ ಸಮಿತಿಯೊಂದನ್ನು ನೇಮಿಸಿತು. ಪಟೇಲ್, ನೆಹರೂ, ಆಜಾದ್ ಅವರಂಥ ದೊಡ್ಡವರ ಜೊತೆಗೆ ಆ ಸಮಿತಿಯಲ್ಲಿ ನಮ್ಮ ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರ್ ಇದ್ದರು. 1923ರ ನಾಗಪುರ ಧ್ವಜ ಸತ್ಯಾಗ್ರಹದಲ್ಲಿ ಸೆರೆಮನೆ ಕಂಡು, ಅದೇ ವರ್ಷ ಹಿಂದೂಸ್ತಾನಿ ಸೇವಾದಳವೆಂಬ ಸ್ವಯಂಸೇವಕರ ಪಡೆಯನ್ನು ಕಟ್ಟಿದವರು ಅವರು. ಧ್ವಜವಂದನೆಗೆ ಶಿಸ್ತಿನ ಕ್ರಮವೊಂದನ್ನು ರೂಢಿಸಿದ್ದರಲ್ಲಿ ಸೇವಾದಳದ ಪಾಲು ದೊಡ್ಡದು. ಇಡೀ ಧ್ವಜ ಕೇಸರಿ ಒಂದೇ ಬಣ್ಣದಲ್ಲಿದ್ದು ಮೂಲೆಯಲ್ಲಿ ಚರಕವಿರಲಿ ಎಂದು ಸಮಿತಿ ಶಿಫಾರಸು ಮಾಡಿತು. ಕಾಂಗ್ರೆಸ್ಸಿನ ಅಖಿಲ ಭಾರತ ಸಮಿತಿ ಅದನ್ನು ಒಪ್ಪಲಿಲ್ಲ. ಆ ವರ್ಷದ ಆಗಸ್ಟ್‌ನಲ್ಲಿ ಮುಂಬಯಿಯಲ್ಲಿ ಸೇರಿ, ಕೇಸರಿ, ಬಿಳಿ, ಹಸಿರು ಎಂಬ ಕ್ರಮವನ್ನೂ ಬಿಳಿಯ ಮೇಲೆ ನೀಲಿ ಚರಕವನ್ನೂ ನಿಶ್ಚಯಿಸಿತು. ಈ ಬಣ್ಣಗಳಿಗೆ ಮತೀಯ ಅರ್ಥವಿಲ್ಲ, ಕೇಸರಿ ಧೈರ್ಯ ಮತ್ತು ತ್ಯಾಗವನ್ನು, ಬಿಳಿ ಸತ್ಯ ಮತ್ತು ಶಾಂತಿಯನ್ನು, ಹಸಿರು ಶ್ರದ್ಧೆ ಮತ್ತು ಶೌರ್ಯವನ್ನು ಸೂಚಿಸುತ್ತವೆ ಎಂದು ಸ್ಪಷ್ಟವಾಗಿ ಬರೆಯಿತು. ಅಂದರೆ ಮತಗಳ ಅರ್ಥವಿದ್ದ ಧ್ವಜವನ್ನು ಹಿಡಿದಿದ್ದ ಸಂಸ್ಥೆಯೇ ವಿಚಾರ ಮಾಡಿ ಆ ಅರ್ಥವನ್ನು ಕೈಬಿಟ್ಟಿತು.

1947ರಲ್ಲಿ ನಿರ್ಣಯವನ್ನು ಮಂಡಿಸುವಾಗ ನೆಹರೂ ಕೂಡ ಧ್ವಜದಲ್ಲಿ ಮತೀಯ ಭಾವನೆಯಿಲ್ಲ ಎಂದೇ ಹೇಳಿದರು. ಅದೇ ದಿನ ಮಾತನಾಡಿದ ಡಾ. ಎಸ್. ರಾಧಾಕೃಷ್ಣನ್ ಅವರು ಕೇಸರಿ ತ್ಯಾಗದ, ಸ್ವಾರ್ಥವಿಲ್ಲದಿರುವಿಕೆಯ ಬಣ್ಣ, ದೇಶವನ್ನು ನಡೆಸುವವರು ಲಾಭದ ಆಸೆಯನ್ನು ಬಿಟ್ಟಿರಬೇಕು ಎಂದರು. ಬಿಳಿ ನಮ್ಮ ನಡೆಗೆ ದಾರಿ ತೋರುವ ಬೆಳಕು, ಹಸಿರು ಮಣ್ಣಿನೊಂದಿಗೆ ಮತ್ತು ಎಲ್ಲ ಜೀವಕ್ಕೂ ಆಧಾರವಾದ ಗಿಡಮರಗಳೊಂದಿಗೆ ನಮಗಿರುವ ಸಂಬಂಧ ಎಂದು ವಿವರಿಸಿದರು. ತರಗತಿಯಲ್ಲಿ ಹೇಳಲು ನಾನು ಆರಿಸಿಕೊಳ್ಳುವುದು ಈ ವಿವರಣೆಯನ್ನೇ. ಕೇಸರಿ ಎಂದರೆ ಸುಮ್ಮನೆ ತ್ಯಾಗ ಎಂದು ಬಾಯಿಪಾಠ ಮಾಡಿಸುವುದಕ್ಕಿಂತ, ಅಧಿಕಾರದಲ್ಲಿರುವವರು ಬಿಡಬೇಕಾದದ್ದು ಏನು ಎಂದು ಮಕ್ಕಳನ್ನೇ ಕೇಳಬಹುದು. ಭತ್ತ, ಹತ್ತಿ, ಜೋಳ ಬೆಳೆಯುವವರ ಮನೆಯ ಮಕ್ಕಳಿಗೆ ಹಸಿರಿನ ಅರ್ಥವನ್ನು ಬಿಡಿಸಿ ಹೇಳುವ ಅಗತ್ಯವೂ ಬೀಳುವುದಿಲ್ಲ.

ಪ್ರಶ್ನೆ: ಧ್ವಜದಲ್ಲಿರುವುದು ಗಾಂಧೀಜಿಯವರ ಚರಕವೋ, ಅಶೋಕನ ಧರ್ಮಚಕ್ರವೋ? 24 ಕಡ್ಡಿಗಳು ದಿನದ 24 ಗಂಟೆಗಳು ಎನ್ನುವುದು ನಿಜವೇ? ನಮ್ಮ ಊರಿನ ಶಾಸನಕ್ಕೂ ಧ್ವಜಕ್ಕೂ ಏನಾದರೂ ಸಂಬಂಧವಿದೆಯೇ?
– ಪಿಯುಸಿ ವಿದ್ಯಾರ್ಥಿ, ಮಸ್ಕಿ

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನು ಓದಿ ನನಗೆ ಬಹಳ ಸಂತೋಷವಾಯಿತು. ಮೊದಲ ಎರಡನ್ನು ಬೇಗ ಮುಗಿಸಿ ಅದಕ್ಕೆ ಬರುತ್ತೇನೆ.

ನಿರ್ಣಯದ ಮಾತಿನಲ್ಲೇ ಎರಡೂ ಇವೆ. ಚಕ್ರವು ಚರಕವನ್ನು ಪ್ರತಿನಿಧಿಸುತ್ತದೆ, ಅದರ ಆಕಾರ ಅಶೋಕನದು. ಅದುವರೆಗೆ ಧ್ವಜದ ಮೇಲಿದ್ದ ಇಡೀ ಚರಕವನ್ನು ತೆಗೆದು ಬರಿಯ ಚಕ್ರವನ್ನು ಇಟ್ಟದ್ದೇಕೆ ಎಂಬುದಕ್ಕೆ ನೆಹರೂ ಕೊಟ್ಟ ಕಾರಣ ಸರಳವಾದದ್ದು. ಚರಕದ ಒಂದು ಬದಿಗೆ ಗಾಲಿ, ಇನ್ನೊಂದು ಬದಿಗೆ ಕದಿರು ಇರುತ್ತದೆ. ಧ್ವಜದ ಹಿಂಬದಿಯಿಂದ ನೋಡಿದಾಗ ಅದು ತಿರುಗುಮುರುಗಾಗಿ ಕಾಣುತ್ತದೆ. ಚಕ್ರ ಮಾತ್ರ ಇದ್ದರೆ ಎರಡು ಬದಿಗೂ ಒಂದೇ ರೂಪ. ಗಾಂಧೀಜಿಯವರಿಗೆ ಈ ಬದಲಾವಣೆ ಮೊದಲು ಹಿಡಿಸಲಿಲ್ಲ, ತಮ್ಮ ಬೇಸರವನ್ನು ಅವರು ಬಹಿರಂಗವಾಗಿಯೇ ಹೇಳಿದರು. ನೂಲುವ ಕೈಗಳ ನೆನಪನ್ನು ಚಕ್ರದಿಂದ ಅಳಿಸಬಾರದು ಎಂಬ ಅವರ ಕಳವಳದಲ್ಲಿ ನ್ಯಾಯವಿತ್ತು ಎಂದು ನನಗೆ ಅನಿಸುತ್ತದೆ. ನಿರ್ಣಯದಲ್ಲಿ ಚರಕದ ಹೆಸರು ಉಳಿದಿರುವುದನ್ನು ಪಠ್ಯಪುಸ್ತಕಗಳು ಇನ್ನಷ್ಟು ಒತ್ತಿ ಹೇಳಬೇಕು.

ಇನ್ನು 24 ಕಡ್ಡಿಗಳ ವಿಚಾರ. ಸಾರನಾಥದ ಪೀಠದಲ್ಲಿ ಆನೆ, ಗೂಳಿ, ಕುದುರೆ, ಸಿಂಹಗಳ ನಡುನಡುವೆ ಕೆತ್ತಿರುವ ಚಕ್ರಗಳಿಗೆ 24 ಕಡ್ಡಿಗಳಿವೆ, ಹಾಗಾಗಿ ನಮ್ಮ ಚಕ್ರಕ್ಕೂ 24. ಒಂದೊಂದು ಕಡ್ಡಿಗೆ ಒಂದೊಂದು ಗಂಟೆಯನ್ನೋ ಗುಣವನ್ನೋ ಹೊಂದಿಸುವ ಪಟ್ಟಿಗಳನ್ನು ಜನ ಆಮೇಲೆ ಪ್ರೀತಿಯಿಂದ ಕಟ್ಟಿಕೊಂಡಿದ್ದಾರೆ, ನಿರ್ಣಯದಲ್ಲಿ ಅಂಥ ಯಾವ ಪಟ್ಟಿಯೂ ಇಲ್ಲ. ಪರೀಕ್ಷೆಯಲ್ಲಿ ಬರೆಯಬೇಕಾದರೆ ರಾಧಾಕೃಷ್ಣನ್ ಅವರ ವಿವರಣೆಯನ್ನು ಬರೆಯಿರಿ: ಈ ಚಕ್ರ ಧರ್ಮದ ಚಕ್ರ, ಅದು ಚಲನೆಯನ್ನು ಸೂಚಿಸುತ್ತದೆ, ನಿಂತಲ್ಲೇ ನಿಲ್ಲುವುದರಲ್ಲಿ ಸಾವಿದೆ, ಚಲನೆಯಲ್ಲಿ ಬದುಕಿದೆ ಎಂದು ಅವರು ಹೇಳಿದ್ದರು.

ಈಗ ನಿಮ್ಮ ಊರಿಗೆ ಬರೋಣ. ಅಶೋಕನ ಬಹುತೇಕ ಶಾಸನಗಳಲ್ಲಿ ಅಶೋಕ ಎಂಬ ಹೆಸರೇ ಇಲ್ಲ. ದೇವತೆಗಳಿಗೆ ಪ್ರಿಯನಾದವನು ಎಂಬ ಅರ್ಥದ 'ದೇವಾನಾಂಪಿಯ', ಅದರ ಜೊತೆಗೆ 'ಪಿಯದಸಿ' ಎಂಬ ಬಿರುದು, ಇಷ್ಟೇ ಇರುತ್ತವೆ. ಇಂಗ್ಲಿಷ್ ವಿದ್ವಾಂಸ ಜೇಮ್ಸ್ ಪ್ರಿನ್ಸೆಪ್ 1837ರ ಹೊತ್ತಿಗೆ ಈ ಶಾಸನಗಳ ಬ್ರಾಹ್ಮೀ ಲಿಪಿಯನ್ನು ಓದಿದಾಗ ಈ ರಾಜ ಯಾರೆಂಬುದೇ ಒಂದು ಒಗಟಾಗಿತ್ತು. ಸಿಂಹಳದ ಪಾಲಿ ಗ್ರಂಥಗಳನ್ನು ಹೋಲಿಸಿ ನೋಡಿ, ಪಿಯದಸಿ ಎಂದರೆ ಮೌರ್ಯ ಅಶೋಕನೇ ಇರಬೇಕು ಎಂದು ವಿದ್ವಾಂಸರು ತರ್ಕದಿಂದ ನಿಶ್ಚಯಿಸಿದರು. ಆದರೆ ಶಾಸನದ್ದೇ ಸಾಕ್ಷಿ ಬೇಕಿತ್ತು. ಆ ಸಾಕ್ಷಿ 1915ರಲ್ಲಿ ಮಸ್ಕಿಯ ಬಂಡೆಯ ಮೇಲೆ ಸಿಕ್ಕಿತು. ಹಟ್ಟಿಯ ಸುತ್ತಲಿನ ಈ ಸೀಮೆಯಲ್ಲಿ ಚಿನ್ನದ ಗಣಿಗಳ ಕೆಲಸದಲ್ಲಿದ್ದ ಬೀಡನ್ ಎಂಬ ಎಂಜಿನಿಯರ್ ಕಣ್ಣಿಗೆ ಬಿದ್ದ ಆ ಶಾಸನವನ್ನು ಶಾಸನತಜ್ಞ ಎಚ್. ಕೃಷ್ಣಶಾಸ್ತ್ರಿಗಳು ಓದಿ, ನಿಜಾಮ ಸಂಸ್ಥಾನದ ಪುರಾತತ್ವ ಮಾಲೆಯ ಮೊದಲ ಸಂಪುಟವಾಗಿ ಅದೇ ವರ್ಷ ಪ್ರಕಟಿಸಿದರು. 'ದೇವಾನಾಂಪಿಯಸ ಅಸೋಕಸ' ಎಂಬ ಎರಡು ಪದಗಳು ಅದರಲ್ಲಿ ಇದ್ದವು. ಚಕ್ರವನ್ನು ಕೊಟ್ಟ ದೊರೆಯ ಹೆಸರನ್ನು ಬಿರುದಿನ ಜೊತೆಗೆ ಇಟ್ಟು ಜಗತ್ತಿಗೆ ಮೊದಲು ತೋರಿಸಿದ್ದು ನಿಮ್ಮ ಊರಿನ ಬಂಡೆ.

ಮುಂದೆ ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉಡೇಗೋಳಗಳಲ್ಲಿಯೂ, ದೂರದ ಮಧ್ಯಪ್ರದೇಶದ ಗುಜರ್ರಾದಲ್ಲಿಯೂ ಈ ಹೆಸರುಳ್ಳ ಶಾಸನಗಳು ದೊರೆತವು. ಕೊಪ್ಪಳದ ಗವಿಮಠದ ಬೆಟ್ಟದಲ್ಲಿ ಮತ್ತು ಪಾಲ್ಕಿಗುಂಡಿನಲ್ಲಿ ಅಶೋಕನ ಶಾಸನಗಳಿವೆ. ತುಂಗಭದ್ರೆಯ ಆಚೀಚೆ ಇಷ್ಟು ಕಡೆ ಅವನ ಮಾತು ಕಲ್ಲಿನಲ್ಲಿ ಉಳಿದಿರುವಾಗ, ಧ್ವಜದ ಚಕ್ರ ಎಲ್ಲೋ ಉತ್ತರದ ಸಾರನಾಥದ್ದು, ನಮಗೆ ದೂರದ್ದು ಎಂದು ಈ ಮೂರು ಜಿಲ್ಲೆಯವರು ಭಾವಿಸುವ ಕಾರಣವಿಲ್ಲ.

ಶಾಸನದ ಪಾಠವನ್ನೂ ಒಮ್ಮೆ ಓದಿ ನೋಡಿ. ಪ್ರಾಕೃತದಲ್ಲಿರುವ ಆ ಚಿಕ್ಕ ಬರಹದಲ್ಲಿ ಅಶೋಕ, ತಾನು ಬುದ್ಧನ ಉಪಾಸಕನಾಗಿ ಎರಡೂವರೆ ವರ್ಷ ಮೀರಿತು ಎನ್ನುತ್ತಾನೆ. ಧರ್ಮದಲ್ಲಿ ತೊಡಗಿದ ಚಿಕ್ಕವನೂ ಉನ್ನತ ಗುರಿಯನ್ನು ಮುಟ್ಟಬಲ್ಲ, ದೊಡ್ಡವನಷ್ಟೇ ಮುಟ್ಟಬಲ್ಲನೆಂದು ತಿಳಿಯಬಾರದು ಎನ್ನುತ್ತಾನೆ. ಇದನ್ನು ಚಿಕ್ಕವರಿಗೂ ದೊಡ್ಡವರಿಗೂ ತಿಳಿಸಬೇಕು ಎಂದೂ ಸೇರಿಸುತ್ತಾನೆ. ಚಕ್ರವರ್ತಿಯೊಬ್ಬ ಪಾಟಲಿಪುತ್ರದಿಂದ ಇಷ್ಟು ದೂರದ ಗುಡ್ಡದಲ್ಲಿ, ಸಾಮಾನ್ಯನನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯಿಸಿದ ಈ ಮಾತನ್ನು ನೆನೆದಾಗಲೆಲ್ಲ ನನಗೆ ರೋಮಾಂಚನವಾಗುತ್ತದೆ. ಇಂಥ ಶಾಸನದ ಬಂಡೆಯ ಸುತ್ತ ಹೆಸರು ಗೀಚುವವರನ್ನು ಕಂಡರೆ ನಿಮ್ಮಂಥ ವಿದ್ಯಾರ್ಥಿಗಳು ಸೌಜನ್ಯದಿಂದಲೇ ತಡೆಯಬೇಕು.

ಪ್ರಶ್ನೆ: ನನಗೀಗ 70 ದಾಟಿದೆ. ಹೊಳೆಯ ಆಚೆಗೆ ಹೊಸಪೇಟೆಯಲ್ಲಿ 1947ರಲ್ಲೇ ಝಂಡಾ ಏರಿತು, ನಮ್ಮ ಊರಲ್ಲಿ ಮರುವರ್ಷ ಏರಿತು ಎಂದು ನಮ್ಮ ತಂದೆಯವರು ಹೇಳುತ್ತಿದ್ದರು. ಮೊಮ್ಮಕ್ಕಳಿಗೆ ಹೇಳಿದರೆ, ಅಜ್ಜ, ಸ್ವಾತಂತ್ರ್ಯ ಬಂದದ್ದು ಒಂದೇ ದಿನ ಅಲ್ಲವೇ ಎಂದು ನಗುತ್ತಾರೆ. ದಯವಿಟ್ಟು ವಿವರಿಸಿ.
– ನಿವೃತ್ತ ನೌಕರರು, ಕೊಪ್ಪಳ

ಉತ್ತರ: ಹಿರಿಯರೇ, ನಿಮ್ಮ ತಂದೆಯವರ ಮಾತು ಸತ್ಯ. ಈ ಉತ್ತರವನ್ನು ಮೊಮ್ಮಕ್ಕಳಿಂದಲೇ ಓದಿಸಿ ಎಂದು ಕೇಳಿಕೊಳ್ಳುತ್ತೇನೆ.

1947ರಲ್ಲಿ ಹೊಸಪೇಟೆ, ಕಂಪ್ಲಿ, ಸಿರುಗುಪ್ಪಗಳು ಸೇರಿದ್ದ ಬಳ್ಳಾರಿ ಜಿಲ್ಲೆ ಬ್ರಿಟಿಷರ ಮದರಾಸು ಪ್ರಾಂತ್ಯದಲ್ಲಿತ್ತು. ಆಗಸ್ಟ್ 15ರಂದು ಅದು ಸ್ವತಂತ್ರ ಭಾರತದ ಭಾಗವಾಯಿತು. ಹೊಳೆಯ ಈಚೆಯ ಗಂಗಾವತಿ, ಕೊಪ್ಪಳ, ರಾಯಚೂರುಗಳು ಹೈದರಾಬಾದ್ ನಿಜಾಮನ ಸಂಸ್ಥಾನದಲ್ಲಿದ್ದವು. ಕೊಪ್ಪಳವಂತೂ ಅದರೊಳಗೆ ನಿಜಾಮರ ದಿವಾನ ಮನೆತನವಾದ ಸಾಲಾರ್‌ಜಂಗರ ಜಾಗೀರು. ನಿಜಾಮ ಭಾರತಕ್ಕೆ ಸೇರಲು ಒಪ್ಪದೆ ಸ್ವತಂತ್ರನಾಗಿ ಉಳಿಯುವುದಾಗಿ ಘೋಷಿಸಿದ್ದನು. ಮೊಮ್ಮಕ್ಕಳಿಗೆ ಕಣ್ಣಾರೆ ತೋರಿಸಬೇಕೆಂದಿದ್ದರೆ ತುಂಗಭದ್ರಾ ಅಣೆಕಟ್ಟೆಯ ಮೇಲೆ ಕರೆದುಕೊಂಡು ಹೋಗಿ. 1945ರ ಫೆಬ್ರುವರಿ 28ರಂದು ಅದರ ಶಂಕುಸ್ಥಾಪನೆ ಎರಡು ದಂಡೆಗಳಲ್ಲಿ ಬೇರೆ ಬೇರೆಯಾಗಿ ನಡೆದಿತ್ತು. ಒಂದು ಕಡೆ ಮದರಾಸಿನ ಗವರ್ನರ್, ಇನ್ನೊಂದು ಕಡೆ ಹೈದರಾಬಾದಿನ ರಾಜಕುಮಾರ. 1947ರ ಆಗಸ್ಟ್‌ನಲ್ಲಿ, ಕಟ್ಟುತ್ತಿದ್ದ ಆ ಒಂದೇ ಕಟ್ಟೆಯ ಹೊಸಪೇಟೆಯ ತುದಿ ಸ್ವತಂತ್ರ ಭಾರತದಲ್ಲಿತ್ತು, ಮುನಿರಾಬಾದಿನ ತುದಿ ನಿಜಾಮನ ಆಳ್ವಿಕೆಯಲ್ಲಿತ್ತು.

ಈಚೆಯ ದಂಡೆಯಲ್ಲಿ ತ್ರಿವರ್ಣ ಧ್ವಜವನ್ನು ಹಾರಿಸುವುದಕ್ಕೆ ನಿಷೇಧವಿತ್ತು. ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿನ ನಾಯಕರಾಗಿದ್ದ ಸ್ವಾಮಿ ರಮಾನಂದ ತೀರ್ಥರು ಧ್ವಜ ಹಾರಿಸಲು ಕರೆಕೊಟ್ಟು ಆ ಆಗಸ್ಟ್ 15ರಂದೇ ಬಂಧಿತರಾದರು. ಮೂಲತಃ ಕಲಬುರಗಿ ಸೀಮೆಯವರಾದ ಅವರು ಕನ್ನಡ, ಮರಾಠಿ, ತೆಲುಗು ಪ್ರದೇಶಗಳ ಹೋರಾಟಗಾರರಿಗೆಲ್ಲ ಗುರುಸಮಾನರಾಗಿದ್ದರು. ಹೋರಾಟ ಗಡಿಯಾಚೆಗಿನ ಶಿಬಿರಗಳಿಗೆ ಹೋಯಿತು. ಆಗ ಮುಂಬಯಿ ಪ್ರಾಂತ್ಯದಲ್ಲಿದ್ದ ಮುಂಡರಗಿಯ ಶಿಬಿರವನ್ನು ಅಳವಂಡಿ ಶಿವಮೂರ್ತಿಸ್ವಾಮಿಗಳು, ಗಜೇಂದ್ರಗಡದ ಶಿಬಿರವನ್ನು ಪುಂಡಲೀಕಪ್ಪ ಜ್ಞಾನಮೋಠೆಯವರು ಮುನ್ನಡೆಸಿದರು. ಶಿಬಿರದ ತರುಣರು ಗಡಿ ದಾಟಿ ಬಂದು ನಿಜಾಮನ ಸುಂಕದ ಠಾಣೆಗಳಾದ ಕರೋಡಗಿರಿ ನಾಕಾಗಳ ಮೇಲೆ ದಾಳಿ ಮಾಡುತ್ತಿದ್ದರು. ಹಳ್ಳಿಗಳಲ್ಲಿ ನಿಜಾಮನ ಪರವಾದ ಶಸ್ತ್ರಧಾರಿ ಪಡೆಯಾದ ರಜಾಕಾರರ ಹಾವಳಿಯನ್ನು ಎದುರಿಸುತ್ತಿದ್ದರು. ಆ ದಿನಗಳಲ್ಲಿ ಈ ಸೀಮೆಯವರಿಗೆ ಧ್ವಜವೆಂದರೆ ವರ್ಷಕ್ಕೊಮ್ಮೆ ಏರಿಸಿ ಸಿಹಿ ಹಂಚುವ ವಸ್ತುವಾಗಿರಲಿಲ್ಲ. ಅದನ್ನು ಮನೆಯಲ್ಲಿ ಮಡಿಸಿಟ್ಟುಕೊಳ್ಳುವುದಕ್ಕೂ ಧೈರ್ಯ ಬೇಕಿತ್ತು.

1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಸಂಸ್ಥಾನವನ್ನು ಪ್ರವೇಶಿಸಿತು. 17ರಂದು ನಿಜಾಮ ಶರಣಾಗತಿಯನ್ನು ಪ್ರಕಟಿಸಿದನು. ಆಗಸ್ಟ್ 15ಕ್ಕೆ ಲೆಕ್ಕ ಹಾಕಿದರೆ ಹದಿಮೂರು ತಿಂಗಳು, ಎರಡು ದಿನ. ಅದೇ ಕಾರಣಕ್ಕೆ ಪ್ರತಿವರ್ಷ ಸೆಪ್ಟೆಂಬರ್ 17ರಂದು ನಮ್ಮ ಜಿಲ್ಲೆಗಳಲ್ಲಿ ಮತ್ತೊಮ್ಮೆ ಧ್ವಜಾರೋಹಣ ನಡೆಯುತ್ತದೆ. ಹೈದರಾಬಾದ್ ಕರ್ನಾಟಕ ವಿಮೋಚನಾ ದಿನವೆಂದು ಕರೆಯುತ್ತಿದ್ದ ಅದಕ್ಕೆ 2019ರಿಂದ ಕಲ್ಯಾಣ ಕರ್ನಾಟಕ ಉತ್ಸವ ಎಂಬ ಹೆಸರಿದೆ. ಬಳ್ಳಾರಿ ನಿಜಾಮನ ಕೈಯಲ್ಲಿ ಇಲ್ಲದಿದ್ದರೂ ಇಂದಿನ ಕಲ್ಯಾಣ ಕರ್ನಾಟಕದೊಳಗೆ ಸೇರಿರುವುದರಿಂದ ಅಲ್ಲಿಯೂ ಈ ಆಚರಣೆಯಿದೆ, ಇದು ಕೆಲವರಿಗೆ ಗೊಂದಲ ಉಂಟುಮಾಡುತ್ತದೆ. ಎರಡು ದಂಡೆಗಳೂ ಒಂದೇ ರಾಜ್ಯಕ್ಕೆ ಬಂದದ್ದು ಇನ್ನೂ ತಡವಾಗಿ. ಬಳ್ಳಾರಿ 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರಿತು. ಕೊಪ್ಪಳ ಒಳಗೊಂಡಿದ್ದ ರಾಯಚೂರು ಜಿಲ್ಲೆ 1956ರ ನವೆಂಬರ್ 1ರಂದು ಸೇರಿತು.

ನಿಮ್ಮ ತಂದೆಯವರು ಹೇಳಿದ್ದನ್ನು, ಧ್ವಜ ಊರಿನ ಯಾವ ಕಟ್ಟೆಯ ಮೇಲೆ ಏರಿತು, ಯಾರು ಯಾರು ಸೇರಿದ್ದರು ಎಂಬ ವಿವರ ಸಹಿತ ದಯವಿಟ್ಟು ಬರೆದಿಡಿ. ದೊಡ್ಡ ಊರುಗಳ ಕಥೆಯನ್ನು ಪುಸ್ತಕಗಳು ಹೇಳುತ್ತವೆ. ಹಳ್ಳಿಗಳ ಕಥೆ ನಿಮ್ಮಂಥವರ ನೆನಪಿನಲ್ಲಿ ಮಾತ್ರ ಇದೆ.

ಪ್ರಶ್ನೆ: ನಮ್ಮ ಸಂಘದ ಕಚೇರಿಯ ಮೇಲಿನ ಧ್ವಜ ಬಿಸಿಲಿಗೆ ಬಣ್ಣಗೆಟ್ಟು ಅಂಚು ಹರಿದಿದೆ. ಅದನ್ನು ಏನು ಮಾಡಬೇಕು? ರಾತ್ರಿ ಇಳಿಸದಿದ್ದರೆ ತಪ್ಪೇ? ಹೊಸದನ್ನು ಖಾದಿಯದನ್ನೇ ಕೊಳ್ಳಬೇಕೇ?
– ರೈತ ಸಂಘವೊಂದರ ಕಾರ್ಯದರ್ಶಿ, ಸಿಂಧನೂರು

ಉತ್ತರ: ಹರಿದ ಅಥವಾ ಮಾಸಿದ ಧ್ವಜವನ್ನು ಹಾರಿಸುವುದು ಧ್ವಜಸಂಹಿತೆಗೆ ವಿರುದ್ಧ, ಆದ್ದರಿಂದ ಮೊದಲು ಅದನ್ನು ಇಳಿಸಿ. ಅದನ್ನು ಕಸದಲ್ಲಿ ಹಾಕಬಾರದು, ಒರೆಸುವ ಬಟ್ಟೆಯಾಗಿಯೂ ಬಳಸಬಾರದು. ಜನರ ಕಣ್ಣಿಗೆ ಬೀಳದಂತೆ, ಅದರ ಗೌರವಕ್ಕೆ ಕುಂದು ಬಾರದ ರೀತಿಯಲ್ಲಿ, ಮೇಲಾಗಿ ಸುಡುವ ಮೂಲಕ ಪೂರ್ತಿಯಾಗಿ ಇಲ್ಲವಾಗಿಸಬೇಕೆಂದು ಸಂಹಿತೆ ಹೇಳುತ್ತದೆ. ಮಕ್ಕಳು ಹಿಡಿಯುವ ಕಾಗದದ ಧ್ವಜಗಳಿಗೂ ಇದೇ ಗೌರವ ಸಲ್ಲಬೇಕು. ಮೆರವಣಿಗೆ ಮುಗಿದ ಮೇಲೆ ನೆಲದಲ್ಲಿ ಬಿದ್ದಿರುವ ಅವನ್ನು ಆರಿಸಿ ತರಲು ಸಂಘದ ಇಬ್ಬರನ್ನು ಮೊದಲೇ ನೇಮಿಸಿಕೊಳ್ಳುವುದು ಒಳ್ಳೆಯದು.

ಖಾಸಗಿ ವ್ಯಕ್ತಿಗಳೂ ಸಂಘಸಂಸ್ಥೆಗಳೂ ಎಲ್ಲ ದಿನ ಧ್ವಜ ಹಾರಿಸಬಹುದೆಂಬ ಅವಕಾಶ 2002ರ ಜನವರಿ 26ರಂದು ಜಾರಿಗೆ ಬಂದ ಸಂಹಿತೆಯಿಂದ ದೊರೆಯಿತು. ಗೌರವದಿಂದ ಧ್ವಜ ಹಾರಿಸುವುದು ನಾಗರಿಕರ ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗವೆಂದು 2004ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಸೂರ್ಯಾಸ್ತಕ್ಕೆ ಇಳಿಸಲೇಬೇಕೆಂಬ ನಿಯಮ 2022ರ ಜುಲೈ ತಿದ್ದುಪಡಿಯಿಂದ ಸಡಿಲವಾಗಿದೆ. ಬಯಲಿನಲ್ಲಿ ಅಥವಾ ಮನೆಯ ಮೇಲೆ ಹಾರಿಸುವ ಧ್ವಜ ಈಗ ಹಗಲು ರಾತ್ರಿ ಇರಬಹುದು. ಆದರೆ ನಿಮ್ಮ ಧ್ವಜ ಹರಿಯಲು ಮುಖ್ಯ ಕಾರಣ ಅದು ಎಡೆಬಿಡದೆ ಬಿಸಿಲು ಗಾಳಿಗೆ ಒಡ್ಡಿಕೊಂಡಿರುವುದೇ ಇರಬೇಕು. ನಮ್ಮ ಸೀಮೆಯ ಬೇಸಿಗೆಯನ್ನು ಬಲ್ಲವರು ಸಂಜೆ ಇಳಿಸಿ ಬೆಳಗ್ಗೆ ಏರಿಸುವ ಹಳೆಯ ಪದ್ಧತಿಯನ್ನೇ ಉಳಿಸಿಕೊಂಡರೆ ಚೆನ್ನ. ಏರಿಸುವಾಗ ಚುರುಕಾಗಿ, ಇಳಿಸುವಾಗ ನಿಧಾನವಾಗಿ ಇಳಿಸಬೇಕು. ಅದೇ ಕಂಬಕ್ಕೆ ಸಂಘದ ಹಸಿರು ಬಾವುಟವನ್ನು ಕಟ್ಟಬೇಡಿ, ರಾಷ್ಟ್ರಧ್ವಜಕ್ಕಿಂತ ಎತ್ತರದಲ್ಲಾಗಲಿ ಅದರ ಪಕ್ಕದಲ್ಲಿ ಸರಿಸಮನಾಗಿಯಾಗಲಿ ಅದು ಇರಬಾರದು. ಕಚೇರಿಯೊಳಗೆ ಗೋಡೆಗೆ ಲಂಬವಾಗಿ ತೂಗುಹಾಕುವುದಾದರೆ ಕೇಸರಿ ನೋಡುವವರ ಎಡಕ್ಕೆ ಬರಬೇಕು. ಇದನ್ನು ತಪ್ಪಾಗಿ ತೂಗುಹಾಕಿರುವುದನ್ನು ಬಹಳ ಕಡೆ ಕಂಡಿದ್ದೇನೆ.

ಬಟ್ಟೆಯ ವಿಚಾರದಲ್ಲಿ, 2021ರ ಡಿಸೆಂಬರ್ ತಿದ್ದುಪಡಿಯ ನಂತರ ಯಂತ್ರದಲ್ಲಿ ನೇಯ್ದದ್ದು ಮತ್ತು ಪಾಲಿಯೆಸ್ಟರ್ ಎರಡಕ್ಕೂ ಅನುಮತಿಯಿದೆ. ಕಾನೂನಿನ ಮಾತು ಅಷ್ಟು. ನನ್ನ ಮಾತು ಕೇಳುವುದಾದರೆ ಖಾದಿಯದನ್ನೇ ಕೊಳ್ಳಿ. ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಭಾರತೀಯ ಮಾನಕ ಸಂಸ್ಥೆಯ (ಬಿಐಎಸ್) ಮುದ್ರೆಯೊಂದಿಗೆ ಧ್ವಜಗಳನ್ನು ತಯಾರಿಸುತ್ತದೆ. ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯಲ್ಲಿ ಅದರ ಬಟ್ಟೆ ನೇಯುತ್ತಾರೆ. ನೂಲುವವರಲ್ಲಿ, ನೇಯುವವರಲ್ಲಿ, ಹೊಲಿಯುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಪಾಲಿಯೆಸ್ಟರ್ ಅಗ್ಗವಾಗಿ ಸಿಗತೊಡಗಿದ ಮೇಲೆ ಆ ಕೈಗಳಿಗೆ ಕೆಲಸ ಕಡಿಮೆಯಾಗಿರುವುದು ನೋವಿನ ಸಂಗತಿ. ಧ್ವಜಕ್ಕೆ ಗೊತ್ತುಪಡಿಸಿದ ಒಂಬತ್ತು ಅಳತೆಗಳಿವೆ. ನಿಮ್ಮ ಕಚೇರಿಯಂಥ ಕಟ್ಟಡಕ್ಕೆ 900 ಮಿಲಿಮೀಟರ್ ಉದ್ದ, 600 ಮಿಲಿಮೀಟರ್ ಅಗಲದ್ದು, ಅಂದರೆ ಹೆಚ್ಚುಕಡಿಮೆ ಮೂರಡಿ ಎರಡಡಿಯದು ಸಾಕಾಗುತ್ತದೆ. ಕೊಳ್ಳುವಾಗ ಬಿಡಿಸಿ ಹಿಡಿದು, ಚಕ್ರ ಎರಡೂ ಬದಿಗೆ ಒಂದರ ಮೇಲೊಂದು ಸರಿಯಾಗಿ ಕೂತಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ, ಕಡ್ಡಿಗಳನ್ನು ಎಣಿಸಿ.